ಮಿನುಗುವುದು ಕ್ಯಾಮೆರಾದ ಮಾತು

ಹಳೇ ನಿಕಾನ್ ಡಿಎಸ್‌ಎಲ್‌ಆರ್ ತಗೊಂಡಿದ್ದೀಯಂತೆ. ನಿಮ್ಮ ದೊಡ್ಡಮ್ಮನ ಮಗಳ ಮದುವೆಗೆ ನೀನೇ ಫೋಟೊ ತೆಗೀತೀಯಂತೆ. ಒಳ್ಳೇದಾಯ್ತು ಕಣೋ. ಮ್ಯಾನ್ಯುಯಲ್ ಓದು ಅಂತ ಹೇಳೋಲ್ಲ, ನೀನು ಓದೋನಲ್ಲ. ಒಂದು ಭೇದ ಮಾತ್ರ ತಿಳ್ಕೊ. ಪರದೆ ಮೇಲೆ ಸುಮ್ಮನೆ ನಿಂತಿರುವ ಗುರುತುಗಳು ಬಹುಮಟ್ಟಿಗೆ ನೀನು ಕ್ಯಾಮೆರಾಗೆ ಹೇಳಿದ್ದು. ಮಿನುಗುವ ಗುರುತು ಕ್ಯಾಮೆರಾ ನಿನಗೆ ಹೇಳುತ್ತಿರುವುದು.

ನಿಂತ ಗುರುತುಗಳಲ್ಲಿ ದೊಡ್ಡ ಅಪಾಯ ಮರೆವು. ಬೆಳಕು ಹೆಚ್ಚು ಕಡಿಮೆ ಮಾಡುವ ಪ್ಲಸ್ ಮೈನಸ್ ಗುರುತನ್ನು ರಾತ್ರಿ ಮೈನಸ್ ಎರಡಕ್ಕೆ ಇಳಿಸಿದ್ದರೆ, ಆಫ್ ಮಾಡಿ ಆನ್ ಮಾಡಿದರೂ ಅದು ಅಲ್ಲೇ ಕೂತಿರುತ್ತದೆ; ಬೆಳಗಿನ ಫೋಟೊ ಎಲ್ಲ ಕಪ್ಪು. ಬಲ್ಬಿನ ಗುರುತಿನ ವೈಟ್ ಬ್ಯಾಲೆನ್ಸ್ ಬಿಸಿಲಿಗೆ ಬಂದರೆ ಮದುಮಗಳು ನೀಲಿ. ಹೂವಿನ ಗುರುತು ಹೂವು ತೆಗೆಯೋಕಲ್ಲ, ಹತ್ತಿರದ ವಸ್ತುವಿಗೆ. ಜೇಬಿನ ಕ್ಯಾಮೆರಾದಲ್ಲಿ ಅದು ನಿಜಕ್ಕೂ ಹತ್ತಿರದ ಫೋಕಸ್ ಕೊಡುತ್ತದೆ. ನಿನ್ನದರಲ್ಲಿ ಲೆನ್ಸ್ ಎಷ್ಟು ಹತ್ತಿರ ಬಿಡುತ್ತದೋ ಅಷ್ಟೇ. ತಾಳಿಯ ಮೇಲೆ ಮೂತಿ ಇಟ್ಟು ಒದ್ದಾಡಬೇಡ.

ಇನ್ನು ಮಿನುಗುವುದು. ವ್ಯೂಫೈಂಡರ್‌ನ ಮೂಲೆಯ ಚುಕ್ಕೆ ಮಿನುಗಿದರೆ ಫೋಕಸ್ ಸಿಕ್ಕಿಲ್ಲ ಅಂತ. ಮಂಟಪದ ಮಬ್ಬಿನಲ್ಲಿ ಬರೀ ಬಿಳಿ ಪಂಚೆಯ ಮೇಲೆ ಫೋಕಸ್ ಹಿಡಿಯೋಕೆ ಹೋದರೆ ಹೀಗಾಗುತ್ತದೆ. ಅಂಚಿನ ಜರಿಯ ಮೇಲೆ ಹಿಡಿ. ಫ್ಲಾಶ್ ಹೊಡೆದ ಮೇಲೆ ಅದರ ಗುರುತು ಮೂರು ಸೆಕೆಂಡು ಮಿಟುಕಿದರೆ, ಇದ್ದ ಶಕ್ತಿಯೆಲ್ಲ ಸುರಿದರೂ ಬೆಳಕು ಸಾಲದೇ ಹೋಗಿರಬಹುದು. ಎರಡು ಹೆಜ್ಜೆ ಮುಂದೆ ಹೋಗು, ಇಲ್ಲವೇ ಐಎಸ್ಒ ಏರಿಸು. ಬಹಳ ಜನ ಇದನ್ನು ನೋಡೋದೇ ಇಲ್ಲ, ಆಮೇಲೆ ಕ್ಯಾಮೆರಾ ಬೈತಾರೆ. ಯಾರಾದರೂ ಅಪರ್ಚರ್ ರಿಂಗ್ ಇರುವ ಹಳೇ 50 ಎಂಎಂ ಲೆನ್ಸ್ ಕೊಟ್ಟರೆ ‘ಎಫ್ಇಇ’ ಅಂತ ಮಿನುಗಿ ಶಟರ್ ಬೀಳದೇ ಹೋಗಬಹುದು. ಕೆಟ್ಟಿಲ್ಲ. ರಿಂಗನ್ನು ಅದರ ಮೇಲಿನ ಅತಿ ದೊಡ್ಡ ಸಂಖ್ಯೆಗೆ ತಿರುಗಿಸಿ ಲಾಕ್ ಮಾಡು, ಅಷ್ಟೇ. ನಿನ್ನ ಗೆಳೆಯನ ಕ್ಯಾನನ್‌ನಲ್ಲಿ ‘ಎರರ್ 01’ ಬಂದರೆ ಲೆನ್ಸಿಗೂ ಬಾಡಿಗೂ ಮಾತುಕತೆ ಕೆಟ್ಟಿದೆ. ಹೊಳೆಯುವ ಲೋಹದ ಬಿಂದುಗಳನ್ನು ಒಣ, ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸರಿಹೋಗಬಹುದು.

ಮಿನುಗಿದ್ದಕ್ಕೆಲ್ಲ ಹೆದರಲೂಬೇಡ. ತೆಗೆದ ಫೋಟೊ ನೋಡುವಾಗ ಹೈಲೈಟ್ಸ್ ಆನ್ ಇದ್ದರೆ ಬೆಳಕು ಮಿತಿಮೀರಿದ ಜಾಗ ಮಿನುಗುತ್ತದೆ. ದೀಪದ ಕುಡಿ ಮಿನುಗಲಿ ಬಿಡು. ಮದುಮಗಳ ಹಣೆ ಮಿನುಗಿದರೆ ಮಾತ್ರ ಎಕ್ಸ್‌ಪೋಷರ್ ಇಳಿಸು. ಕ್ಯಾಮೆರಾಗೆ ಹಣೆ ಯಾವುದು, ದೀಪ ಯಾವುದು ಗೊತ್ತಿಲ್ಲ.

ನಿಜಕ್ಕೂ ಹೆದರಬೇಕಾದ್ದು ಕಾರ್ಡಿನ ವಿಷಯದಲ್ಲಿ. ‘ಲಾಕ್’ ಅಂತ ಬಂದರೆ ಕಾರ್ಡಿನ ಪಕ್ಕದ ಪುಟ್ಟ ಗುಂಡಿ ಕೆಳಗೆ ಜಾರಿದೆ, ಮೇಲಕ್ಕೆ ತಳ್ಳು. ಹಿಂದಿನ ಸಣ್ಣ ದೀಪ ಉರಿಯುವಷ್ಟು ಹೊತ್ತು ಫೋಟೊ ಕಾರ್ಡಿಗೆ ಇಳಿಯುತ್ತಿರುತ್ತದೆ. ಆಗ ಕಾರ್ಡನ್ನೋ ಬ್ಯಾಟರಿಯನ್ನೋ ಎಳೆದರೆ ಇಡೀ ಧಾರೆಯೇ ಹೋದೀತು. ಎಲ್ಲಕ್ಕಿಂತ ದೊಡ್ಡದು, ಅರ್ಧ ಮದುವೆ ಆದ ಮೇಲೆ ‘ಈ ಕಾರ್ಡ್ ಫಾರ್ಮ್ಯಾಟ್ ಆಗಿಲ್ಲ’ ಅಂತ ಬರುವುದು. ಗಾಬರಿಯಲ್ಲಿ ಬೆರಳು ತಾನಾಗಿ ಒಪ್ಪಿಗೆಯ ಗುಂಡಿಗೆ ಹೋಗುತ್ತದೆ. ಒತ್ತಬೇಡ. ಆಫ್ ಮಾಡಿ, ಕಾರ್ಡ್ ತೆಗೆದು ಮತ್ತೆ ಹಾಕಿ ನೋಡು. ಆಗಲೂ ಅದೇ ಹೇಳಿದರೆ ಆ ಕಾರ್ಡನ್ನು ಬೇರೆ ಜೇಬಿಗೆ ಹಾಕಿ ಇನ್ನೊಂದರಲ್ಲಿ ಮುಂದುವರಿಸು. ಅದರ ಮೇಲೆ ಹೊಸದೇನೂ ಬರೆಯದಿದ್ದರೆ ರಿಕವರಿ ಸಾಫ್ಟ್‌ವೇರ್‌ನಲ್ಲಿ ಹಳೇ ಫೋಟೊಗಳು ಸಿಗುವ ಸಾಧ್ಯತೆ ಇರುತ್ತದೆ.

ಇನ್ನೊಂದು ಕಾರ್ಡು, ಇನ್ನೊಂದು ಬ್ಯಾಟರಿ ಇವತ್ತೇ ತಗೋ. ದುಡ್ಡು ಸಾಲದಿದ್ದರೆ ನನಗೆ ಫೋನ್ ಮಾಡು, ನಿಮ್ಮಪ್ಪನಿಗೆ ಹೇಳಬೇಡ.