ಟ್ರಾನ್ಸೀವರ್‌ನಿಂದ ಲಾಗ್‌ವರೆಗೆ: ಮಂಗಳೂರಿನ ಹ್ಯಾಮ್ ನಿಲಯ ಕಲಿಸುವ ಪಾಠಗಳು

ಹವ್ಯಾಸಿ ರೇಡಿಯೊ ಪರವಾನಗಿ ಪಡೆದವರು, ಅಂದರೆ ರೂಢಿಯಲ್ಲಿ ಹ್ಯಾಮ್‌ಗಳೆನಿಸಿಕೊಂಡವರು, ತಮ್ಮ ಸಂಪರ್ಕಗಳ ವಿವರವನ್ನು ಲಾಗ್ ಎಂಬ ದಾಖಲೆಯಲ್ಲಿ ಕಾಲಾನುಕ್ರಮವಾಗಿ ಬರೆದಿಡಬೇಕೆಂಬುದು ಭಾರತದ 1978ರ ಹವ್ಯಾಸಿ ಸೇವಾ ನಿಯಮಗಳ ಕಟ್ಟಳೆ. ಸಂಕೇತಗಳನ್ನು ಕಳುಹಿಸುವ ಮತ್ತು ಗ್ರಹಿಸುವ ಎರಡೂ ಕೆಲಸಗಳನ್ನು ಮಾಡುವ ಯಂತ್ರವಾದ ಟ್ರಾನ್ಸೀವರನ್ನು ಕಂಪ್ಯೂಟರಿಗೆ ಜೋಡಿಸಿದಾಗ, ಲಾಗಿಂಗ್ ತಂತ್ರಾಂಶದಲ್ಲಿ ಕಂಪನಾಂಕ ಮತ್ತು ಮೋಡ್ (ಪ್ರಸಾರದ ವಿಧಾನ) ತಾವಾಗಿಯೇ ತುಂಬಿಕೊಳ್ಳುತ್ತವೆ. ಈ ಅನುಕೂಲದಿಂದಾಗಿ ದಾಖಲೆಯ ಇಡೀ ಸಾಲಿಗೇ ಯಂತ್ರದ ಸಾಕ್ಷ್ಯವಿದೆ ಎಂಬ ಭಾವನೆ ಮೂಡುತ್ತದೆ. ವಾಸ್ತವದಲ್ಲಿ ತಂತಿಯ ಮೂಲಕ ಬರುವುದು ಮುಖ್ಯವಾಗಿ ಇವೆರಡೇ. ಸಮಯವು ಕಂಪ್ಯೂಟರಿನ ಗಡಿಯಾರದಿಂದಲೂ ಸ್ಥಳವು ಎಂದೋ ಒಮ್ಮೆ ಬರೆದಿಟ್ಟ ಸೆಟ್ಟಿಂಗ್‌ನಿಂದಲೂ ಬರುತ್ತವೆ.

ತಂತಿಯ ಸಂಭಾಷಣೆ ಬಹಳ ಸರಳ, ಆದರೆ ಸ್ವಲ್ಪವೂ ಸಡಿಲಿಕೆಯಿಲ್ಲದ್ದು. ಯಾಯೆಸು ಎಫ್‌ಟಿ-817ರಲ್ಲಿ ಪ್ರತಿ ಆಜ್ಞೆಗೂ ಐದು ಬೈಟ್‌ಗಳಿದ್ದು, ಕೊನೆಯದು ಏನು ಮಾಡಬೇಕೆಂಬುದನ್ನು ತಿಳಿಸುತ್ತದೆ. ವೇಗವು 4800, 9600 ಅಥವಾ 38400 ಬಾಡ್ ಆಗಿರಬಹುದು, ಆದರೆ ಯಂತ್ರದ ಮೆನುವಿನಲ್ಲಿಯೂ ತಂತ್ರಾಂಶದಲ್ಲಿಯೂ ಅದು ಒಂದೇ ಆಗಿರದಿದ್ದರೆ ಉತ್ತರ ಸಿಗುವುದಿಲ್ಲ. ಐಕಾಮ್‌ನ ಸಿಐ-ವಿ ಪದ್ಧತಿಯಲ್ಲಿ ಪ್ರತಿ ಯಂತ್ರಕ್ಕೂ ಒಂದು ವಿಳಾಸವಿರುತ್ತದೆ. ಐಸಿ-7300ರದ್ದು ಹದಿನಾರರ ಪದ್ಧತಿಯ 94. ತಂತ್ರಾಂಶ ಬೇರೊಂದು ವಿಳಾಸಕ್ಕೆ ಕರೆದರೆ, ಕೇಬಲ್ ಎಷ್ಟೇ ಒಳ್ಳೆಯದಿದ್ದರೂ, ಯಂತ್ರ ಓಗೊಡುವುದಿಲ್ಲ. ಆದ್ದರಿಂದ ಲಾಗಿಂಗ್ ತಂತ್ರಾಂಶವನ್ನು ದೂರುವ ಮೊದಲು ಟ್ಯೂನಿಂಗ್ ಗುಂಡಿ ತಿರುಗಿಸಿ, ಪರದೆಯ ಅಂಕಿಗಳೂ ಜೊತೆಯಲ್ಲೇ ಬದಲಾಗುತ್ತವೆಯೇ ಎಂದು ನೋಡುವುದು ಲೇಸು.

ಮೊದಲ ಪರೀಕ್ಷೆಯನ್ನು ಆಂಟೆನಾದ ಬದಲು, ಪ್ರಸಾರದ ಶಕ್ತಿಯನ್ನು ಹೊರಬಿಡದೆ ಹೀರಿಕೊಳ್ಳುವ ಡಮ್ಮಿ ಲೋಡ್ ಜೋಡಿಸಿಯೇ ನಡೆಸಬೇಕೆಂಬುದು ಇನ್ನೂ ಮುಖ್ಯ. ತಂತ್ರಾಂಶವು ಯಂತ್ರದೊಂದಿಗೆ ಮಾತಾಡುವ ದ್ವಾರವಾದ ಕಾಮ್ ಪೋರ್ಟನ್ನು ತೆರೆದ ಕ್ಷಣ ಆರ್‌ಟಿಎಸ್ ಅಥವಾ ಡಿಟಿಆರ್ ಎಂಬ ನಿಯಂತ್ರಣ ಸಂಕೇತ ಎಚ್ಚೆತ್ತುಕೊಳ್ಳಬಹುದು; ಅದನ್ನೇ ಪ್ರಸಾರದ ಸ್ವಿಚ್ಚಾಗಿ ಬಳಸುವಂತೆ ಯಂತ್ರವನ್ನು ಹೊಂದಿಸಿದ್ದರೆ, ಯಾರೂ ಗುಂಡಿ ಒತ್ತದೆಯೇ ಪ್ರಸಾರ ಶುರುವಾಗುತ್ತದೆ. ಒಂದು ಪೋರ್ಟನ್ನು ಒಂದು ತಂತ್ರಾಂಶ ಹಿಡಿದುಕೊಂಡರೆ ಮತ್ತೊಂದಕ್ಕೆ ಅದು ದಕ್ಕುವುದಿಲ್ಲವಾದ್ದರಿಂದ, ಎರಡಕ್ಕೂ ಮಧ್ಯಸ್ಥಿಕೆ ವಹಿಸುವ ಓಮ್ನಿ-ರಿಗ್ ಅಥವಾ ಹ್ಯಾಮ್‌ಲಿಬ್‌ನಂಥವು ಬೇಕಾಗುತ್ತವೆ.

ಸಮಯದ ವಿಷಯದಲ್ಲಿ ಭಾರತೀಯ ಹ್ಯಾಮ್‌ಗಳು ವಿಶೇಷ ಎಚ್ಚರ ವಹಿಸಬೇಕಾಗಿದೆ. ಅಂತರರಾಷ್ಟ್ರೀಯ ಲಾಗ್‌ಗಳು ಯುಟಿಸಿ ಎಂಬ ವಿಶ್ವಮಾನ್ಯ ಕಾಲವನ್ನು ಅನುಸರಿಸುತ್ತವೆ. ನಮ್ಮ ಕಾಲ ಅದಕ್ಕಿಂತ ಐದೂವರೆ ಗಂಟೆ ಮುಂದು. ಮಂಗಳೂರಿನಲ್ಲಿ ಬೆಳಗಿನ 5 ಗಂಟೆಗೆ ನಡೆದ ಸಂಪರ್ಕ ಲಾಗ್‌ನಲ್ಲಿ ಹಿಂದಿನ ದಿನಾಂಕದ 23:30ಕ್ಕೆ ದಾಖಲಾಗಬೇಕು. ಅಮೆರಿಕದ ಹ್ಯಾಮ್‌ಗಳ ಸಂಘವಾದ ಎಆರ್‌ಆರ್‌ಎಲ್ ನಡೆಸುವ 'ಲಾಗ್‌ಬುಕ್ ಆಫ್ ದಿ ವರ್ಲ್ಡ್' ಎಂಬ ವ್ಯವಸ್ಥೆಯು ಸಂಪರ್ಕ ನಡೆಸಿದ ಇಬ್ಬರ ದಾಖಲೆಗಳನ್ನು ತಾಳೆ ನೋಡುವಾಗ 30 ನಿಮಿಷಗಳ ವ್ಯತ್ಯಾಸವನ್ನಷ್ಟೇ ಮನ್ನಿಸುವುದರಿಂದ, ಕಾಲವಲಯ ತಪ್ಪಿದ ಲಾಗ್‌ನಲ್ಲಿ ಕಂಪನಾಂಕ ಎಷ್ಟು ಕರಾರುವಾಕ್ಕಾಗಿದ್ದರೂ ಆ ಸಂಪರ್ಕ ದೃಢೀಕರಣಗೊಳ್ಳುವುದಿಲ್ಲ.

ಕರಾವಳಿಯ ಹವೆಯೂ ಈ ಜೋಡಣೆಯಲ್ಲಿ ಪಾಲುದಾರ. ಉಪ್ಪುಗಾಳಿ ಮತ್ತು ಮಳೆಗಾಲದ ತೇವದಿಂದ ಕನೆಕ್ಟರುಗಳು ಕಿಲುಬು ಹಿಡಿದು, ಸಂಪರ್ಕ ಬಿಟ್ಟು ಬಿಟ್ಟು ಬರುತ್ತದೆ. ಪ್ರಸಾರ ಮಾಡಿದಾಗ ಮಾತ್ರ ಯುಎಸ್‌ಬಿ ಕಡಿದುಹೋಗುವುದಾದರೆ ಅದು ಬಹುತೇಕ ರೇಡಿಯೊ ಶಕ್ತಿಯು ಕೇಬಲ್‌ಗೆ ನುಗ್ಗಿದ್ದರ ಲಕ್ಷಣ. ಫೆರೈಟ್ ಉಂಗುರಕ್ಕೆ ಕೇಬಲನ್ನು ಕೆಲವು ಸುತ್ತು ಸುತ್ತಿದರೆ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ. ಮುಂಗಾರಿಗೆ ಮುನ್ನ ಗುಡುಗು ಸಿಡಿಲು ಶುರುವಾದಾಗ ಆಂಟೆನಾ ಕಳಚಿದರೆ ಸಾಲದು, ಯುಎಸ್‌ಬಿಯನ್ನೂ ವಿದ್ಯುತ್ ಪ್ಲಗ್ಗನ್ನೂ ಕಳಚಬೇಕು.

ಇನ್ನುಳಿದದ್ದು ಸ್ಥಳ. ಹ್ಯಾಮ್‌ಗಳು ಭೂಮಿಯನ್ನು ಚೌಕಗಳಾಗಿ ವಿಂಗಡಿಸಿ ಬಳಸುವ ಮೇಡನ್‌ಹೆಡ್ ಪದ್ಧತಿಯಲ್ಲಿ ಮಂಗಳೂರು ಎಂಕೆ72 ಎನಿಸಿಕೊಳ್ಳುತ್ತದೆ. ಆದರೆ ಚೌಕದ ಉತ್ತರ ಗಡಿಯಾದ 13 ಡಿಗ್ರಿ ಅಕ್ಷಾಂಶ ರೇಖೆ ಸುರತ್ಕಲ್ ಬಳಿಯಲ್ಲೇ ಹಾದುಹೋಗುವುದರಿಂದ, ಪಣಂಬೂರು ಕಡಲತೀರ ಎಂಕೆ72ರಲ್ಲಿದ್ದರೆ ಸುರತ್ಕಲ್‌ನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯ ಆವರಣ ಎಂಕೆ73ಕ್ಕೆ ಸೇರುತ್ತದೆ. ಸಾಧನಗಳನ್ನು ಹೊತ್ತು ಅಲ್ಲಿಗೆ ಹೋದವರು, ಜಿಪಿಎಸ್ ಜೋಡಿಸಿರದಿದ್ದರೆ, ಮೊದಲ ಕರೆಗೆ ಮುಂಚೆ ಆ ಒಂದು ಅಂಕಿಯನ್ನು ಕೈಯಾರೆ ತಿದ್ದಬೇಕಾಗುತ್ತದೆ.