ಟ್ರಂಕಿನ ತಳದ ಪಾಸ್‌ಬುಕ್ಕು



ಮನೆಯ ಹಿರಿಯರು ತೀರಿಕೊಂಡರೆ ಜಮೀನಿನ ಖಾತೆ ಬದಲಾವಣೆಗೆ ಹತ್ತು ಸಲ ಅಲೆಯುತ್ತೇವೆ. ಅವರು ಬ್ಯಾಂಕಿನಲ್ಲಿಟ್ಟ ಹಣದ ಮಾತು ಮಾತ್ರ ಎಷ್ಟೋ ಮನೆಗಳಲ್ಲಿ ಬರುವುದೇ ಇಲ್ಲ. ಯಜಮಾನರು ಯಾವ ಬ್ಯಾಂಕಿಗೆ ಹೋಗುತ್ತಿದ್ದರೆಂಬುದು ಹೆಂಡತಿಗೇ ತಿಳಿದಿರುವುದಿಲ್ಲ. ಅತ್ತ ತಂದೆಯ ಠೇವಣಿ ಕೇಳುವವರಿಲ್ಲದೆ ಬಿದ್ದಿರುತ್ತದೆ. ಇತ್ತ ಮಗಳ ಮದುವೆಗೆ ಬಡ್ಡಿಯ ಸಾಲ!

ಹತ್ತು ವರ್ಷ ಯಾರೂ ಕೇಳದ ಠೇವಣಿಯನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಕಟ್ಟಬೇಕೆಂಬ ವ್ಯವಸ್ಥೆ 2014ರಿಂದ ಇದೆ. ಇದರಿಂದ ಹಣ ಮುಳುಗಿತೆಂದು ತಿಳಿಯಬಾರದು. ಹಕ್ಕುದಾರರು ಯಾವಾಗ ಬಂದು ಕೇಳಿದರೂ ಅದೇ ಬ್ಯಾಂಕು ಕೊಡತಕ್ಕದ್ದು.

ಇಂಥ ಠೇವಣಿ ಎಲ್ಲಿದೆಯೆಂದು ಹುಡುಕಲು ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲಿ 'ಉದ್ಗಮ್' ಎಂಬ ಜಾಲತಾಣವನ್ನು ತೆರೆಯಿತು. 2024ರ ಮಾರ್ಚ್ ವೇಳೆಗೆ 30 ಬ್ಯಾಂಕುಗಳು ಇದರಲ್ಲಿ ಸೇರಿದ್ದವು. ಫೋನಿನಲ್ಲಿ ಹೀಗೆ ಒತ್ತಿರಿ: ಯು-ಡಿ-ಜಿ-ಎ-ಎಂ, ಚುಕ್ಕೆ, ಆರ್-ಬಿ-ಐ, ಚುಕ್ಕೆ, ಒ-ಆರ್-ಜಿ, ಚುಕ್ಕೆ, ಐ-ಎನ್. ಹೈಸ್ಕೂಲಿಗೆ ಹೋಗುವ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡರೆ ಕೆಲಸ ಸುಲಭ. ಮೊದಲು ನಿಮ್ಮ ಹೆಸರು, ಮೊಬೈಲ್ ನಂಬರು ಕೊಟ್ಟು ನೋಂದಾಯಿಸಿಕೊಳ್ಳಬೇಕು. ಬರುವ ಓಟಿಪಿಯನ್ನು ನೀವೇ ಹಾಕತಕ್ಕದ್ದು, ಬೇರೆಯವರಿಗೆ ಹೇಳತಕ್ಕದ್ದಲ್ಲ. ಆಮೇಲೆ ತೀರಿಕೊಂಡವರ ಹೆಸರು, ಬ್ಯಾಂಕು, ಜೊತೆಗೆ ಪ್ಯಾನ್, ಮತದಾರರ ಚೀಟಿಯ ನಂಬರು, ಹುಟ್ಟಿದ ತಾರೀಖು ಇಂಥವುಗಳಲ್ಲಿ ಒಂದನ್ನು ಕೊಡಬೇಕು.

ಇಲ್ಲಿ ಎರಡು ತೊಡಕುಗಳುಂಟು. ಒಂದು, ಇಂಗ್ಲಿಷಿನಲ್ಲಿ ಹೆಸರು ಬರೆಯುವ ರೀತಿ. ಬಸಪ್ಪ ಎಂಬುದನ್ನು ಗುಮಾಸ್ತರು ಒಂದು ಪಿ ಹಾಕಿ ಬರೆದಿರಬಹುದು, ಎರಡು ಹಾಕಿರಬಹುದು. ಗೌಡ ಎಂಬುದಕ್ಕೆ ಒಬ್ಬರು ಯು ಬರೆದರೆ ಇನ್ನೊಬ್ಬರು ಡಬ್ಲ್ಯು. ಒಂದು ಸಲ ಸಿಗದಿದ್ದರೆ ಅಲ್ಲಿಗೇ ಬಿಡದೆ ಬೇರೆ ಬೇರೆ ರೀತಿಯಲ್ಲಿ ಬರೆದು ನೋಡಿರಿ. ಎರಡು, ಹಳೆಯ ಪಾಸ್‌ಬುಕ್ಕಿನಲ್ಲಿರುವ ಬ್ಯಾಂಕು ಈಗ ಆ ಹೆಸರಿನಲ್ಲಿ ಇಲ್ಲದಿರಬಹುದು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿತು. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಡನೆ, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾದೊಡನೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಡನೆ ಸೇರಿದವು. ನಮ್ಮ ನಾಡಿನಲ್ಲೇ ಹುಟ್ಟಿ ಬೆಳೆದ ಹೆಸರುಗಳು ಹೀಗೆ ಬೋರ್ಡಿನಿಂದ ಹೋದುದು ನನಗೂ ಬೇಸರವೇ. ಆದರೆ ಠೇವಣಿ ಹೋಗಿಲ್ಲ. ಹೊಸ ಹೆಸರಿನ ಕೆಳಗೆ ಹುಡುಕಬೇಕು, ಅಷ್ಟೆ.

ಸಿಕ್ಕಿದರೆ ಒಂದು ನಂಬರು ಕಾಣುತ್ತದೆ. ಹಣ ಫೋನಿನಲ್ಲಿ ಬರುವುದಿಲ್ಲ. ಆ ನಂಬರು, ಮರಣ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿ ಹಿಡಿದು ಬ್ಯಾಂಕಿಗೆ ಹೋಗಬೇಕು. ನಾಮಿನಿ ಹೆಸರಿದ್ದರೆ ಕೋರ್ಟಿನ ವಾರಸಾ ಪತ್ರದ ಅಗತ್ಯವಿಲ್ಲ; ಕಾಗದಗಳು ಸರಿಯಾಗಿದ್ದರೆ 15 ದಿನಗಳೊಳಗೆ ಇತ್ಯರ್ಥವಾಗಬೇಕು. ಹುಡುಕಲು ಕಾಸೂ ಖರ್ಚಿಲ್ಲ. ಕಮಿಷನ್ ಕೊಟ್ಟರೆ ತೆಗೆಸಿಕೊಡುತ್ತೇನೆನ್ನುವವನನ್ನು ಅಂಗಳದಿಂದಲೇ ಕಳುಹಿಸಿರಿ. ಅಂಚೆ ಕಚೇರಿಯ ಉಳಿತಾಯವೂ ನಮ್ಮ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಠೇವಣಿಯೂ ಉದ್ಗಮ್‌ನಲ್ಲಿ ಕಾಣುವುದಿಲ್ಲ. ಅಲ್ಲಿಗೇ ಹೋಗಿ ವಿಚಾರಿಸಬೇಕು.

ಹಣ ಬಂದ ಸುದ್ದಿ ಹರಡಿದರೆ ವರ್ಷದಲ್ಲಿ ದುಪ್ಪಟ್ಟು ಮಾಡಿಕೊಡುವವರೂ ಬರುತ್ತಾರೆ. ಬಿತ್ತುವ ಮುನ್ನ ನೂರು ಕಾಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸುತ್ತೇವಲ್ಲವೇ? ಕಂಪನಿಯನ್ನೂ ಹಾಗೆಯೇ ಪರೀಕ್ಷಿಸಿರಿ. ಠೇವಣಿ ಪಡೆಯಲು ಅದಕ್ಕೆ ಅನುಮತಿ ಇದೆಯೇ ಎಂದು ನೋಡಲು ರಿಸರ್ವ್ ಬ್ಯಾಂಕಿನದೇ 'ಸಚೇತ್' ಎಂಬ ಜಾಲತಾಣ 2016ರಿಂದ ಇದೆ. ದೂರನ್ನೂ ಅಲ್ಲಿಯೇ ಕೊಡಬಹುದು.

ಇಂದು ಸಂಜೆ ನಿಮ್ಮ ಪಾಸ್‌ಬುಕ್ಕನ್ನೂ ತೆಗೆದು ನೋಡಿರಿ. ನಾಮಿನಿ ನೋಂದಣಿಯಾದ ಗುರುತು ಅದರಲ್ಲಿ ಇಲ್ಲದಿದ್ದರೆ ಮುಂದಿನ ಸಂತೆಯ ದಿನ ಬ್ಯಾಂಕಿಗೆ ಹೋಗಿ ಫಾರಂ ತುಂಬಿ ಕೊಡಿರಿ. 2025ರ ನವೆಂಬರಿನಿಂದ ನಾಲ್ವರ ಹೆಸರನ್ನು ಬರೆಸಬಹುದಾಗಿದೆ.