ಶನಿವಾರದ ಮುಂಜಾನೆ ಶಾಲೆಗೆ ಬಾಳೆಹಣ್ಣಿನ ಓಟ್ಸ್ ಮಫಿನ್: ಓವನ್ ಇಲ್ಲದೆ, ಹಂತ ಹಂತವಾಗಿ

ವಾರದ ಐದು ದಿನ ಹೇಗೋ ನಡೆಯುತ್ತದೆ. ಶನಿವಾರ ಬಂತೆಂದರೆ ರೋಣ, ನರಗುಂದ, ಗಜೇಂದ್ರಗಡದ ಮನೆಗಳಲ್ಲಿ ಬೆಳಗಾಗುವ ಮೊದಲೇ ಗಡಿಬಿಡಿ. ಅಂದು ಮುಂಜಾನೆಯ ಶಾಲೆ. ಹಳ್ಳಿಯಿಂದ ಬಸ್ಸಿಗೆ ಬರುವ ಮಕ್ಕಳಾದರೆ ಇನ್ನೂ ಮೊದಲೇ ಮನೆ ಬಿಡಬೇಕು. ರೊಟ್ಟಿ ಬಡಿಯಲು, ಉಪ್ಪಿಟ್ಟಿಗೆ ರವೆ ಹುರಿಯಲು ಹೊತ್ತೆಲ್ಲಿದೆ? ಕಡೆಗೆ ಚಹಾದಲ್ಲಿ ಅದ್ದಿದ ಎರಡು ಬಿಸ್ಕೀಟು, ಇಲ್ಲವೆ ದಾರಿಯಲ್ಲಿ ಕೊಂಡ ಐದು ರೂಪಾಯಿಯ ಕುರುಕಲು ಪಾಕೀಟು. ಎರಡನೆಯ ಪಿರಿಯಡ್ ಮುಗಿಯುವಷ್ಟರಲ್ಲಿ ಹೊಟ್ಟೆ ಚುರುಗುಟ್ಟತೊಡಗುತ್ತದೆ.

ಮುಂಚೆಯೇ ಮಾಡಿಟ್ಟು ತಿನ್ನುವ ವಿದ್ಯೆಯನ್ನು ಈ ಭಾಗದವರಿಗೆ ಯಾರೂ ಕಲಿಸಬೇಕಿಲ್ಲ. ಖಡಕ್ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಶೇಂಗಾ ಹೋಳಿಗೆ ಎಲ್ಲವೂ ಡಬ್ಬಿಯಲ್ಲಿ ಕೂತು ಗಡಿಬಿಡಿಯ ದಿನಕ್ಕೆ ಕಾಯುವ ತಿನಿಸುಗಳೇ. ಆದರೆ ನಿದ್ದೆಗಣ್ಣಿನ ಏಳು ವರ್ಷದ ಮಗುವಿಗೆ ಬೆಳಗಿನ ಆರೂವರೆಗೆ ಖಡಕ್ ರೊಟ್ಟಿ ಅಗಿಯಲು ಹೇಳಿ ನೋಡಿ! ಅಲ್ಲಿ ಮಫಿನ್ ಕೆಲಸಕ್ಕೆ ಬರುತ್ತದೆ. ಮೆತ್ತಗಿರುತ್ತದೆ, ಒಂದು ಕೈಯಲ್ಲಿ ಹಿಡಿದು ಬಸ್ಸಿನಲ್ಲೂ ತಿನ್ನಬಹುದು. ಶುಕ್ರವಾರ ಸಂಜೆ ಒಂದೂವರೆ ತಾಸು ಬಿಡುವು ಮಾಡಿಕೊಂಡರೆ ಹತ್ತು ಮಫಿನ್ ತಯಾರಾಗುತ್ತವೆ. ಓವನ್ ಬೇಡ, ಮೈದಾ ಬೇಡ, ಮೊಟ್ಟೆಯೂ ಬೇಡ.

ಮೊದಲು ಸಾಮಾನು

ಅಳತೆಗೆ 240 ಮಿಲಿಲೀಟರಿನ ಒಂದು ಕಪ್ ಇಟ್ಟುಕೊಳ್ಳಿ. ಇಲ್ಲದಿದ್ದರೆ ಅದರ ಆಸುಪಾಸಿನ ಒಂದು ಲೋಟ ಸಾಕು, ಆದರೆ ಎಲ್ಲಕ್ಕೂ ಅದೇ ಲೋಟ ಇರಬೇಕು.

ಓಟ್ಸ್ 1 ಕಪ್ (ಸುಮಾರು 90 ಗ್ರಾಂ)
ಗೋಧಿ ಹಿಟ್ಟು ಮುಕ್ಕಾಲು ಕಪ್ (90 ಗ್ರಾಂ)
ಜೋಳದ ಹಿಟ್ಟು ಕಾಲು ಕಪ್ (30 ಗ್ರಾಂ)
ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ
ಅಡುಗೆ ಸೋಡಾ ಕಾಲು ಟೀ ಚಮಚ
ಉಪ್ಪು ಒಂದು ಚಿಟಿಕೆ, ಯಾಲಕ್ಕಿ ಎರಡು
ಪುಡಿ ಮಾಡಿದ ಬೆಲ್ಲ ಅರ್ಧ ಕಪ್ (80 ಗ್ರಾಂ)
ಚೆನ್ನಾಗಿ ಕಳಿತ ಬಾಳೆಹಣ್ಣು, ಹಿಚುಕಿದಾಗ 1 ಕಪ್ ಆಗುವಷ್ಟು (ದೊಡ್ಡವಾದರೆ ಎರಡು, ಸಣ್ಣವಾದರೆ ನಾಲ್ಕು)
ಮೊಸರು ಅರ್ಧ ಕಪ್
ಶೇಂಗಾ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಕಾಲು ಕಪ್
ಹಾಲು ಕಾಲು ಕಪ್, ಬೇಕಾದರೆ ಮಾತ್ರ
ಒಣದ್ರಾಕ್ಷಿ ಎರಡು ಚಮಚ, ಹುರಿದು ಸಿಪ್ಪೆ ತೆಗೆದು ತರಿಯಾಗಿ ಕುಟ್ಟಿದ ಶೇಂಗಾ ಎರಡು ಚಮಚ

ಇದರ ಧಾನ್ಯಗಳಲ್ಲಿ ಹೊರಗಿನದು ಅಂತ ಇರುವುದು ಓಟ್ಸ್ ಒಂದೇ. ಅದು ತಂಪು ಹವೆಯ ಬೆಳೆ. ನಮ್ಮ ಎರೆ ಹೊಲದ್ದಲ್ಲ. ಪೇಟೆಯ ಕಿರಾಣಿ ಅಂಗಡಿಯಲ್ಲಿ ಸಣ್ಣ ಪಾಕೀಟು ಸಿಗುತ್ತದೆ. ಏನೂ ಬೆರೆಸದ ಸಾದಾ ಓಟ್ಸ್ ಕೇಳಿ ತನ್ನಿ, ಮಸಾಲೆ ಹಾಕಿದ್ದು ಇದಕ್ಕೆ ಆಗದು. ಓಟ್ಸ್‌ನಲ್ಲಿ ನೀರಿನಲ್ಲಿ ಕರಗುವ ನಾರಿನಂಶ ಹೆಚ್ಚು. ಅದು ಹೊಟ್ಟೆಯಲ್ಲಿ ಲೋಳೆಯಾಗಿ ಜೀರ್ಣಕ್ರಿಯೆಯನ್ನು ನಿಧಾನ ಮಾಡುವುದರಿಂದ ಬೇಗ ಹಸಿವಾಗುವುದಿಲ್ಲ. ಓಟ್ಸ್ ಸಿಗದಿದ್ದರೆ ಜೋಳದ ಅವಲಕ್ಕಿಯನ್ನು ತರಿಯಾಗಿ ಪುಡಿ ಮಾಡಿ ಹಾಕಿ. ರುಚಿ ಬೇರೆಯಾಗುತ್ತದೆ, ಕೆಡುವುದಿಲ್ಲ.

ಮನೆಯಲ್ಲಿ ಜೋಳದ ಹಿಟ್ಟು ಧಾರಾಳ ಇದೆಯಲ್ಲ, ಪೂರ್ತಿ ಅದರಲ್ಲೇ ಮಾಡಬಹುದಲ್ಲ ಅನ್ನಿಸಬಹುದು. ಆಗುವುದಿಲ್ಲ. ಜೋಳದಲ್ಲಿ ಗ್ಲುಟೆನ್ ಇಲ್ಲ. ರೊಟ್ಟಿಗೆ ಬಿಸಿನೀರು ಹಾಕಿ ನಾದಿ ಜಿಗಿ ತರಿಸುತ್ತೇವೆ. ಇಲ್ಲಿ ನಾದುವ ಪ್ರಶ್ನೆಯೇ ಇಲ್ಲ. ಬರೀ ಜೋಳದ ಹಿಟ್ಟಿನ ಮಫಿನ್ ತಣ್ಣಗಾದ ಮೇಲೆ ಕೈಯಲ್ಲಿ ಪುಡಿಪುಡಿ. ಕಾಲು ಕಪ್ಪಿನಷ್ಟು ಹಾಕಿದರೆ ಘಮ ಬರುತ್ತದೆ, ಹಿಡಿತವೂ ತಪ್ಪುವುದಿಲ್ಲ.

ಬಾಳೆಹಣ್ಣು ಸಿಪ್ಪೆಯ ಮೇಲೆ ಕರಿ ಚುಕ್ಕೆ ಮೂಡಿ ಮೆತ್ತಗಾಗಿರಬೇಕು. ಹಣ್ಣು ಕಳಿತಂತೆ ಅದರ ಪಿಷ್ಟ ಸಕ್ಕರೆಯಾಗುತ್ತದೆ, ಆದ್ದರಿಂದ ಬೆಲ್ಲ ಕಡಿಮೆ ಸಾಕಾಗುತ್ತದೆ. ಸಂತೆ ಮುಗಿಯುವ ಹೊತ್ತಿಗೆ ಅಂಗಡಿಯವರು ಕಡಿಮೆ ದರಕ್ಕೆ ಕೊಟ್ಟುಬಿಡುವ ಹಣ್ಣೇ ಇದಕ್ಕೆ ತಕ್ಕದ್ದು. ಬೆಲ್ಲ ಮಹಾಲಿಂಗಪುರದ್ದು, ದ್ರಾಕ್ಷಿ ವಿಜಯಪುರದ್ದು ಸಿಕ್ಕರೆ ಬಿಡಬೇಡಿ.

ಹಂತ 1: ಒಲೆಯನ್ನೇ ಓವನ್ ಮಾಡುವುದು

ದಪ್ಪ ತಳದ ಅಗಲವಾದ ಬೋಗುಣಿ ಅಥವಾ ಕಡಾಯಿ ತೆಗೆದುಕೊಳ್ಳಿ. ಅದರಲ್ಲಿ ಎರಡು ಕಪ್ ಹರಳುಪ್ಪು ಹರಡಿ, ಮೇಲೆ ಬಿಸಿ ಪಾತ್ರೆ ಇಡುವ ಕಬ್ಬಿಣದ ಸ್ಟ್ಯಾಂಡ್, ಅದರ ಮೇಲೊಂದು ಚಪ್ಪಟೆ ತಾಟು. ಬಿಗಿಯಾದ ಮುಚ್ಚಳ ಮುಚ್ಚಿ ನಡು ಉರಿಯಲ್ಲಿ ಹತ್ತು ನಿಮಿಷ ಕಾಯಲು ಬಿಡಿ. ನೀರು ಹಾಕಬಾರದು. ಉಪ್ಪಿನ ಕೆಲಸ ಶಾಖವನ್ನು ಹಿಡಿದಿಟ್ಟು ಸಮನಾಗಿ ಹಂಚುವುದು. ಆ ಉಪ್ಪನ್ನು ತಣಿದ ಮೇಲೆ ಡಬ್ಬಿಯಲ್ಲಿಟ್ಟರೆ ಮುಂದಿನ ವಾರಕ್ಕೂ ಬರುತ್ತದೆ, ಸಾರಿಗೆ ಮಾತ್ರ ಹಾಕಬೇಡಿ.

ಕುಕ್ಕರಿನಲ್ಲೂ ಮಾಡಬಹುದು. ಸೀಟಿ ಮತ್ತು ಮುಚ್ಚಳದ ರಬ್ಬರ್ ಎರಡನ್ನೂ ಕಡ್ಡಾಯವಾಗಿ ತೆಗೆದಿಡಬೇಕು. ನೀರಿಲ್ಲದೆ ಕಾಯಿಸುವುದು ಕುಕ್ಕರಿಗೆ ಒಳ್ಳೆಯದಲ್ಲ, ಆದ್ದರಿಂದ ದಿನಬಳಕೆಯದನ್ನು ಬಿಟ್ಟು ಮೂಲೆ ಸೇರಿದ ಹಳೆಯದನ್ನು ಹುಡುಕಿ.

ಗಜೇಂದ್ರಗಡದವರಿಗೆ ಒಂದು ಮಾತು. ನಿಮ್ಮ ಗುಡ್ಡದ ಮೇಲೆ ಆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ! ಆಷಾಢದಲ್ಲಿ ಅಡುಗೆಮನೆಯ ಕಿಟಕಿ ತೆರೆದಿಟ್ಟರೆ ಗ್ಯಾಸಿನ ಉರಿ ಒಂದೇ ಬದಿಗೆ ಬಾಗುತ್ತದೆ, ಅರ್ಧ ಮಫಿನ್ ಸೀಯುತ್ತವೆ, ಅರ್ಧ ಹಸಿ ಉಳಿಯುತ್ತವೆ. ಗಾಳಿ ಬರುವ ಬದಿಯ ಕಿಟಕಿಯನ್ನು ಮುಂದು ಮಾಡಿ.

ಹಂತ 2: ವಾಟಿಗಳ ತಯಾರಿ

ಮಫಿನ್ ಅಚ್ಚು ಕೊಳ್ಳಬೇಕಿಲ್ಲ. ಪಲ್ಯ ಹಾಕಿಕೊಳ್ಳುವ ಸಣ್ಣ ಸ್ಟೀಲ್ ವಾಟಿಗಳೇ ಸಾಕು. ಒಳಗೆ ಎಣ್ಣೆ ಸವರಿ, ಚಿಟಿಕೆ ಗೋಧಿ ಹಿಟ್ಟು ಉದುರಿಸಿ, ವಾಟಿಯನ್ನು ತಿರುಗಿಸುತ್ತ ತಟ್ಟಿ. ಹಿಟ್ಟು ಅಂಚಿನವರೆಗೆ ಹತ್ತಿಕೊಳ್ಳಬೇಕು. ಎಣ್ಣೆ ತಪ್ಪಿದ ಜಾಗದಲ್ಲಿ ಮಫಿನ್ ಕಚ್ಚಿಕೊಂಡು ಹರಿದು ಬರುತ್ತದೆ.

ಹಂತ 3: ಹಸಿ ಬೇರೆ, ಒಣ ಬೇರೆ

ಓಟ್ಸ್‌ನಲ್ಲಿ ಅರ್ಧವನ್ನು ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ತರಿ ಮಾಡಿ. ಉಳಿದರ್ಧ ಹಾಗೆಯೇ ಇರಲಿ. ಎರಡನ್ನೂ ಮೊಸರಿಗೆ ಹಾಕಿ ಹತ್ತು ನಿಮಿಷ ನೆನೆಯಲು ಬಿಡಿ. ಈ ಹತ್ತು ನಿಮಿಷ ಬಿಟ್ಟುಕೊಟ್ಟರೆ ಓಟ್ಸ್ ಒಲೆಯ ಮೇಲೆ ನೀರು ಹೀರಿಕೊಂಡು ಮಫಿನ್ ಒಣಗುತ್ತದೆ.

ಅಷ್ಟರಲ್ಲಿ ಬಾಳೆಹಣ್ಣನ್ನು ಚಮಚದ ಹಿಂಬದಿಯಿಂದ ಹಿಚುಕಿ. ಸಣ್ಣ ಗಂಟು ಉಳಿದರೆ ಚಿಂತೆಯಿಲ್ಲ, ತಿನ್ನುವಾಗ ಹಣ್ಣು ಸಿಕ್ಕಂತಾಗುತ್ತದೆ. ಬೆಲ್ಲ, ಎಣ್ಣೆ, ಯಾಲಕ್ಕಿ ಪುಡಿ ಸೇರಿಸಿ ಬೆಲ್ಲ ಕರಗುವ ತನಕ ಕಲಕಿ, ನೆನೆದ ಓಟ್ಸನ್ನು ಅದಕ್ಕೆ ಬೆರೆಸಿ. ಬೆಲ್ಲದಲ್ಲಿ ಕಸ ಇರುವ ಅನುಮಾನವಿದ್ದರೆ ಎರಡು ಚಮಚ ಬಿಸಿನೀರಿನಲ್ಲಿ ಕರಗಿಸಿ ಸೋಸಿ, ತಣಿದ ಮೇಲೆ ಹಾಕಿ. ಆಗ ಹಾಲು ಬೇಕಾಗಲಿಕ್ಕಿಲ್ಲ.

ಇನ್ನೊಂದು ಪಾತ್ರೆಯಲ್ಲಿ ಗೋಧಿ ಹಿಟ್ಟು, ಜೋಳದ ಹಿಟ್ಟು, ಬೇಕಿಂಗ್ ಪೌಡರ್, ಸೋಡಾ, ಉಪ್ಪು ಹಾಕಿ ಎರಡು ಸಲ ಜರಡಿ ಹಿಡಿಯಿರಿ. ಸೋಡಾ ಒಂದೇ ಕಡೆ ಗಂಟಾಗಿ ಉಳಿದರೆ ಅಲ್ಲಿ ಸಾಬೂನಿನ ರುಚಿ. ದ್ರಾಕ್ಷಿ, ಶೇಂಗಾಗಳನ್ನು ಈ ಒಣ ಹಿಟ್ಟಿನಲ್ಲೇ ಹೊರಳಾಡಿಸಿ. ಮೈಗೆ ಹಿಟ್ಟು ಹತ್ತಿದ ದ್ರಾಕ್ಷಿ ತಳಕ್ಕೆ ಇಳಿಯುವುದು ಕಡಿಮೆ.

ಹಂತ 4: ಕಲಸುವುದು

ಹೊಸಬರ ಕೈ ತಪ್ಪುವುದು ಇಲ್ಲಿಯೇ. ರೊಟ್ಟಿ, ಚಪಾತಿಗೆ ನಾದಿ ರೂಢಿಯಾದ ಕೈ, ಚೆನ್ನಾಗಿ ತಿರುವಿದಷ್ಟೂ ಒಳ್ಳೆಯದು ಅಂದುಕೊಳ್ಳುತ್ತದೆ. ಮಫಿನ್ನಿಗೆ ಅದು ತದ್ವಿರುದ್ಧ. ಗೋಧಿ ಹಿಟ್ಟಿಗೆ ನೀರು ತಾಗಿ, ಮೇಲೆ ತಿರುವಿದಂತೆ ಗ್ಲುಟೆನ್ನಿನ ಜಿಗಿ ಬಲಿಯುತ್ತದೆ. ಚಪಾತಿಗೆ ಅದು ಬೇಕು. ಇಲ್ಲಿ ಅದೇ ಜಿಗಿ ಮಫಿನ್ನನ್ನು ರಬ್ಬರಿನಂತೆ ಮಾಡಿ ಒಳಗೆ ಉದ್ದುದ್ದ ತೂತು ಬೀಳಿಸುತ್ತದೆ.

ಆದ್ದರಿಂದ ಒಣ ಹಿಟ್ಟನ್ನು ಹಸಿ ಮಿಶ್ರಣಕ್ಕೆ ಒಮ್ಮೆಲೇ ಸುರಿದು, ಸೌಟಿನಿಂದ ತಳದಿಂದ ಮೇಲಕ್ಕೆ ಮಗುಚಿ. ಹನ್ನೆರಡು ಹದಿನೈದು ಸಲ ಮಗುಚಿದರೆ ಮುಗಿಯಿತು. ಒಣ ಹಿಟ್ಟಿನ ಬಿಳಿ ಗೆರೆ ಮಾಯವಾದ ಕೂಡಲೇ ಸೌಟು ಕೆಳಗಿಡಿ. ಹಿಟ್ಟು ನುಣುಪಾಗಿ ಕಾಣದು, ಉಬ್ಬುತಗ್ಗು ಇರುತ್ತದೆ, ಅದೇ ಸರಿ. ಹದ ಇಡ್ಲಿ ಹಿಟ್ಟಿಗಿಂತ ಗಟ್ಟಿ ಇರಬೇಕು. ಸೌಟು ಓರೆ ಮಾಡಿದರೆ ಹರಿಯಬಾರದು, ಒಂದು ಕ್ಷಣ ತಡೆದು ದೊಪ್ಪನೆ ಬೀಳಬೇಕು. ತೀರಾ ಗಟ್ಟಿಯಾದರೆ ಮಾತ್ರ ಹಾಲು, ಅದೂ ಚಮಚ ಚಮಚವಾಗಿ.

ಬೋಗುಣಿಯಲ್ಲಿ ಐದೇ ವಾಟಿ ಹಿಡಿದರೆ ಎಲ್ಲವನ್ನೂ ಒಮ್ಮೆಲೇ ಕಲಸಬೇಡಿ. ಹಸಿ ಅರ್ಧ, ಒಣ ಅರ್ಧ ಎತ್ತಿಡಿ; ಮೊದಲ ಐದು ಬೆಂದ ಮೇಲೆ ಅದನ್ನು ಕಲಸಿ. ಮೊಸರು ತಾಗಿದೊಡನೆ ಸೋಡಾ ಕೆಲಸ ಶುರು ಮಾಡುತ್ತದೆ, ಅರ್ಧ ತಾಸು ಕಾದ ಹಿಟ್ಟು ಅಷ್ಟಾಗಿ ಉಬ್ಬದು.

ಹಂತ 5: ಬೇಯಿಸುವುದು

ವಾಟಿಯ ಮುಕ್ಕಾಲು ಭಾಗ ತುಂಬಿ, ಕಾದ ತಾಟಿನ ಮೇಲೆ ನಡುವೆ ಬೆರಳು ಹೋಗುವಷ್ಟು ಜಾಗ ಬಿಟ್ಟು ಇಡಿ. ಕೈ ಸುಟ್ಟೀತು, ಇಕ್ಕಳ ಬಳಸಿ. ಮುಚ್ಚಳದ ಒಳಗೆ ಬೆವರಿದ ನೀರು ಮಫಿನ್ ಮೇಲೆ ತೊಟ್ಟಿಕ್ಕದಂತೆ ಮುಚ್ಚಳಕ್ಕೆ ತೆಳು ಅರಿವೆ ಸುತ್ತಿ, ಅದರ ತುದಿಗಳನ್ನು ಮೇಲೆ ಗಂಟು ಹಾಕಿ. ಕೆಳಗೆ ಜೋತುಬಿದ್ದ ಅರಿವೆಗೆ ಉರಿ ತಾಗುವ ಅಪಾಯ ಇದೆ, ನೋಡಿಕೊಳ್ಳಿ.

ಉರಿಯನ್ನು ಸಣ್ಣದಕ್ಕೂ ನಡುವಿನದಕ್ಕೂ ಮಧ್ಯೆ ಇಟ್ಟು 25 ರಿಂದ 30 ನಿಮಿಷ. ಮೊದಲ 20 ನಿಮಿಷ ಮುಚ್ಚಳ ತೆಗೆಯಬಾರದು. ಮಕ್ಕಳು ಕಾಡಿದರೂ ತೆಗೆಯಬಾರದು. ಅರ್ಧ ಉಬ್ಬಿದ್ದು ತಂಪು ಗಾಳಿ ತಾಗಿದರೆ ನಡುವೆ ಕುಸಿಯುತ್ತದೆ. ಆಮೇಲೆ ಕಡ್ಡಿ ಚುಚ್ಚಿ ನೋಡಿ. ಒದ್ದೆ ಹಿಟ್ಟು ಅಂಟದೆ ಬಂದರೆ ಬೆಂದಿದೆ. ಮೇಲ್ಭಾಗ ಓವನ್ನಿನಲ್ಲಿ ಆದಷ್ಟು ಕೆಂಪಗಾಗುವುದಿಲ್ಲ, ಬಣ್ಣಕ್ಕಾಗಿ ಇನ್ನಷ್ಟು ಹೊತ್ತು ಇಟ್ಟು ತಳ ಸೀಯಿಸಬೇಡಿ. ಮನೆಯಲ್ಲಿ ಓವನ್ ಇರುವವರು 180 ಡಿಗ್ರಿಗೆ ಮುಂಚೆಯೇ ಕಾಯಿಸಿಟ್ಟು 20 ರಿಂದ 22 ನಿಮಿಷ ಬೇಯಿಸಿ.

ಹೊರತೆಗೆದು ಐದು ನಿಮಿಷ ವಾಟಿಯಲ್ಲೇ ಬಿಟ್ಟು, ಅಂಚಿಗೆ ಚಾಕು ಆಡಿಸಿ ಬೋರಲು ಹಾಕಿ.

ಹಂತ 6: ಕಾಪಿಡುವುದು

ಪೂರ್ತಿ ಆರಲು ಒಂದು ತಾಸು ಬೇಕು. ಬೆಚ್ಚಗಿರುವಾಗಲೇ ಡಬ್ಬಿಗೆ ತುಂಬಿದರೆ ಒಳಗೆ ಬೆವರಿ, ಮರುದಿನವೇ ಮೈ ಅಂಟಂಟಾಗುತ್ತದೆ. ಚಳಿಗಾಲದಲ್ಲಿ ಹೊರಗೆ ಎರಡು ದಿನ ಇರುತ್ತವೆ. ಮಾರ್ಚ್ ಬಿಸಿಲಿನಲ್ಲಿ ಒಂದೇ ದಿನ. ಹಣ್ಣು, ಮೊಸರಿನ ಪಸೆ ಇರುವ ತಿನಿಸು ಇದು, ಖಡಕ್ ರೊಟ್ಟಿಯ ಲೆಕ್ಕ ಇದಕ್ಕೆ ಹಚ್ಚಬಾರದು. ಫ್ರಿಜ್ಜಿನಲ್ಲಿ ನಾಲ್ಕು ದಿನ, ಫ್ರೀಜರಿನಲ್ಲಿ ಒಂದು ತಿಂಗಳು. ಕರೆಂಟು ಹೋಗಿ ಬಂದು ಮಾಡುವ ಊರಿನಲ್ಲಿ ಫ್ರೀಜರ್ ನೆಚ್ಚಿ ಇಪ್ಪತ್ತು ಮಾಡಿಡುವುದಕ್ಕಿಂತ ವಾರಕ್ಕೆ ಹತ್ತು ಮಾಡುವುದೇ ವಾಸಿ. ಹುಳಿ ವಾಸನೆ ಬಂದರೆ, ಮುರಿದಾಗ ಎಳೆ ಎಳೆಯಾಗಿ ಬಂದರೆ ಯೋಚಿಸದೆ ಬಿಸಾಕಿ.

ಬೆಳಿಗ್ಗೆ ಚಹಾಕ್ಕೆ ನೀರಿಟ್ಟಾಗಲೇ ಪಕ್ಕದ ಒಲೆಯಲ್ಲಿ ಇಡ್ಲಿ ಪಾತ್ರೆಯಿಟ್ಟು ಮೂರು ನಿಮಿಷ ಹಬೆಯಾಡಿಸಿದರೆ ಮಫಿನ್ ಮತ್ತೆ ಮೆತ್ತಗಾಗುತ್ತದೆ. ಫ್ರೀಜರಿನಿಂದ ತೆಗೆದದ್ದಾದರೆ ಏಳೆಂಟು ನಿಮಿಷ ಬೇಕು.

ಹಣ್ಣು ಬದಲಿಸುವವರಿಗೆ

ಬಾಳೆಹಣ್ಣಿಗೆ ಬದಲು ಚಿಕ್ಕು ಹಾಕಿದರೆ ಬೆಲ್ಲವನ್ನು ಒಂದೆರಡು ಚಮಚ ಇಳಿಸಿ. ನರಗುಂದ ತಾಲ್ಲೂಕಿನ ಕೊಣ್ಣೂರು ಕಡೆಯ ಪೇರಲ ಸಿಕ್ಕರೆ ಅದರ ಮಫಿನ್ನಿಗೆ ಬೇರೆಯೇ ಘಮ. ಆದರೆ ಬೀಜ ಹಲ್ಲಿಗೆ ಸಿಕ್ಕಿ ಮಕ್ಕಳು ಉಗುಳುತ್ತಾರೆ. ಕಳಿತ ಹಣ್ಣನ್ನು ಹೆಚ್ಚಿ, ನಾಲ್ಕು ಚಮಚ ನೀರಿನಲ್ಲಿ ಮೆತ್ತಗೆ ಬೇಯಿಸಿ, ಉಕ್ಕಿನ ಜರಡಿಯ ಮೇಲೆ ಹಾಕಿ ಚಮಚದ ಬೆನ್ನಿನಿಂದ ಉಜ್ಜಿ. ತಿರುಳು ಕೆಳಗೆ ಇಳಿದು ಬೀಜ ಮೇಲೆ ಉಳಿಯುತ್ತದೆ. ಜರಡಿಯ ಕೆಳಮೈಗೆ ಅಂಟಿದ ತಿರುಳನ್ನು ಬಳಿದು ತೆಗೆಯಲು ಮರೆಯಬೇಡಿ, ಅರ್ಧದಷ್ಟು ಅಲ್ಲೇ ಉಳಿದಿರುತ್ತದೆ. ಕಲ್ಲಂಗಡಿ, ಕಿತ್ತಳೆಯಂಥ ನೀರು ಹಣ್ಣು ಮಾತ್ರ ಇದಕ್ಕೆ ಒಗ್ಗದು.

ಮೊಟ್ಟೆ ತಿನ್ನುವ ಮನೆಯವರು ಮೊಸರನ್ನು ಅರ್ಧ ಮಾಡಿ ಒಂದು ಮೊಟ್ಟೆ ಒಡೆದು ಹಾಕಬಹುದು. ತೀರಾ ಚಿಕ್ಕ ಮಕ್ಕಳಿಗಾದರೆ ಶೇಂಗಾ ತರಿ ಬೇಡ, ನುಣ್ಣಗೆ ಪುಡಿ ಮಾಡಿ. ಶೇಂಗಾ ಆಗಿಬರದ ಮಗುವಿದ್ದರೆ ಕಾಳು, ಶೇಂಗಾ ಎಣ್ಣೆ ಎರಡನ್ನೂ ಬಿಟ್ಟು ಸೂರ್ಯಕಾಂತಿ ಎಣ್ಣೆ ಹಾಕಿ.

ಒಂದು ಮಫಿನ್ನಿಗೆ ಎಂಟು ಗ್ರಾಂ ಬೆಲ್ಲ ಬೀಳುತ್ತದೆ. ಬೆಲ್ಲವೂ ಸಿಹಿಯೇ, ಸಕ್ಕರೆಯಲ್ಲ ಎಂದು ಮನಸ್ಸಿಗೆ ಬಂದಷ್ಟು ಹಾಕುವಂತಿಲ್ಲ. ಶನಿವಾರ ಒಂದು ಲೋಟ ಹಾಲಿನ ಜೊತೆ ಎರಡು ಕೊಡಿ, ವಾರದ ನಡುವೆ ಬಸ್ಸು ತಪ್ಪುವಂತಿರುವ ದಿನ ಒಂದು. ಉಳಿದ ದಿನಗಳಿಗೆ ರೊಟ್ಟಿ, ಉಪ್ಪಿಟ್ಟು, ಅವಲಕ್ಕಿಯೇ ಇರಲಿ.